ದುಃಸ್ವಪ್ನದ ಪದ್ಯವೂ ಬಿ.ಎಡ್. ಸೀಟೂ

ಹೋದ ತಿಂಗಳ ಒಂದು ಭಾನುವಾರ, ಒಂದು ಇಂಗ್ಲಿಷ್ ಪದ್ಯ ನನ್ನ ಗಂಡನ ಬಾಯಿ ಬಿಡಿಸಿತು. ಅವರಿಗೆ ಇಂಗ್ಲಿಷ್ ಬರುವುದಿಲ್ಲ ಎನ್ನುವುದು ಬೇರೆ ಮಾತು!

ಐವತ್ತನೇ ವಯಸ್ಸಿನಲ್ಲಿ ಇಂಗ್ಲಿಷ್ ಎಂ.ಎ. ಓದಲು ಹೊರಟ ನನ್ನ ಸಾಹಸ ನಿಮಗೆ ಗೊತ್ತೇ ಇದೆ. (ಗೊತ್ತಿಲ್ಲದವರು ನಗುವುದಾದರೆ ಈಗಲೇ ನಕ್ಕುಬಿಡಿ.) ತಿಂಗಳಿಗೆರಡು ಶನಿವಾರ ಕಡೂರಿನಿಂದ ತರೀಕೆರೆಗೆ ಬಸ್ಸು, ಅಲ್ಲಿ ದೂರಶಿಕ್ಷಣದ ಕಾಂಟ್ಯಾಕ್ಟ್ ಕ್ಲಾಸು. ಆ ಸಲ ಬಂದದ್ದು ರೊಮ್ಯಾಂಟಿಕ್ ಕಾಲದ ಒಂದು ಪದ್ಯ. ಕವಿಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಕೆಟ್ಟ ಕನಸು, ಎದ್ದರೆ ಪಾಪಪ್ರಜ್ಞೆ. ತಪ್ಪು ಮಾಡಿದ್ದು ತಾನೋ, ತನಗೇ ಯಾರಾದರೂ ಮಾಡಿದ್ದೋ, ಅದೂ ತಿಳಿಯದು.

ನನ್ನ ಪಕ್ಕದ ಬೆಂಚಿನವರು ಖಲೀಲ್ ಸಾಹೇಬರು, ರಿಟೈರ್ಡ್ ಹೆಡ್ ಕಾನ್‌ಸ್ಟೆಬಲ್. ಕೈ ಎತ್ತಿದರು. "ಸಾರ್, ಈವಯ್ಯ ಮಾಡಿದ್ದೇನು ಅಂತ ಎಲ್ಲೂ ಬರ್ದಿಲ್ವಲ್ಲ. ಕಂಪ್ಲೇಂಟೇ ಇಲ್ದೆ ಕೇಸು ಹೆಂಗೆ ನಡ್ಸೋದು?"

ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೇಷ್ಟ್ರು ನಗಲಿಲ್ಲ. ಅದನ್ನೇ ಅಸೈನ್‌ಮೆಂಟ್ ಕೊಟ್ಟರು: 'ಇಲ್ಲಿ ತಪ್ಪು ಯಾರದು?'

ಪದ್ಯ ನನ್ನ ತಲೆಗೆ ಹತ್ತುತ್ತಿಲ್ಲ ಎಂದಾಗ ಖಲೀಲ್ ಸಾಹೇಬರೇ ಉಪಾಯ ಹೇಳಿದರು. "ಕನ್ನಡದಾಗೆ ಅರ್ಥ ಮಾಡ್ಕಂಡು ಜೋರಾಗಿ ಹೇಳಿ ಮೇಡಮ್ಮೋರೆ. ಸ್ಟೇಷನ್ನಲ್ಲಿ ಕೇಳ್ದಂಗೆ ಗದರಿಸಿ ಕೇಳ್ಬೇಕು. ತಾನಾಗೇ ಬಾಯಿ ಬಿಡ್ತದೆ."

ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಾ ಅದನ್ನೇ ಮಾಡಿದೆ. ಸೌಟು ಎತ್ತಿ ಹಿಡಿದು ಗೋಡೆಗೆ ಗದರಿದೆ: "ಯಾರದೋ ಈ ತಪ್ಪು? ಇನ್ನೆಷ್ಟು ವರ್ಷ ಮುಚ್ಚಿಡ್ತೀಯ? ನಿಂಗೆ ನಿದ್ದೆಯಾದ್ರೂ ಹೆಂಗೆ ಬತ್ತದೆ?"

ಹಜಾರದಲ್ಲಿ ಪೇಪರ್ ಓದುತ್ತಿದ್ದ ನಮ್ಮನೆಯವರು ಅಡುಗೆಮನೆ ಬಾಗಿಲಿಗೆ ಬಂದರು. ಮದುವೆಯಾದ ಮೇಲೆ ನನ್ನ ಬಾಯಲ್ಲಿ ಮೊದಲ ಸಲ ಏಕವಚನ ಕೇಳಿದ್ದರು, ಪಾಪ. ಮುಖ ಬಿಳಚಿಕೊಂಡಿತ್ತು.

"ಗಿರಿಜಾ, ನಿಂಗೆ ಯಾರು ಹೇಳಿದ್ರು?"

"ಏನನ್ನ?"

"ಅದೇ ಕಣೇ... ಆ ಬಿ.ಎಡ್. ಸೀಟಿನ ಕಾಗದ."

ಕಾವಲಿಯ ಮೇಲಿನ ದೋಸೆ ಸೀದುಹೋಯಿತು. ನಾನು ತಿರುವಿ ಹಾಕಲಿಲ್ಲ.

ಆಗ ನಾವು ಅಜ್ಜಂಪುರದಲ್ಲಿದ್ದೆವು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಬಿ.ಎಡ್.ಗೆ ಅರ್ಜಿ ಹಾಕಿ, ಒಂದಿಡೀ ತಿಂಗಳು ಪೋಸ್ಟ್‌ಮ್ಯಾನಿನ ಸೈಕಲ್ ಬೆಲ್ಲಿಗೆ ಕಿವಿಗೊಟ್ಟು ಕೂತಿದ್ದೆ. ಕಾಗದ ಬರಲಿಲ್ಲ. ನನಗೆ ಅಷ್ಟು ಯೋಗ್ಯತೆಯಿಲ್ಲ ಎಂದುಕೊಂಡು ಸುಮ್ಮನಾದೆ. ಇಪ್ಪತ್ತಾರು ವರ್ಷ ಹಾಗೆಯೇ ಅಂದುಕೊಂಡಿದ್ದೆ.

ಕಾಗದ ಬಂದಿತ್ತು. ಪೋಸ್ಟ್‌ಮ್ಯಾನ್ ಅದನ್ನು ಇವರ ಪಂಪ್‌ಸೆಟ್ ಅಂಗಡಿಯಲ್ಲೇ ಕೊಟ್ಟು ಹೋಗಿದ್ದ.

"ಓದಕ್ಕೆ ಅಂತ ನೀನು ಶಿವಮೊಗ್ಗಕ್ಕೆ ಹೋದ್ರೆ ವಾಪಸ್ ಬರಲ್ವೇನೋ ಅಂತ ಭಯ ಆಯ್ತು ಕಣೇ. ಹರ್ದು ಹಾಕಕ್ಕೂ ಧೈರ್ಯ ಬರ್ಲಿಲ್ಲ" ಎಂದರು. ಈಗಿನ ಅಂಗಡಿಗೆ ಹೋಗಿ, ಊರು ಬದಲಿಸಿದಾಗ ಜೊತೆಗೇ ತಂದಿದ್ದ ಯಾವುದೋ ಹಳೇ ಫೈಲಿನಿಂದ ಅದನ್ನು ತಂದು ಕೈಗಿಟ್ಟರು. ಹಳದಿಗಟ್ಟಿದ ಹಾಳೆ. ಸೀಟು ಸಿಕ್ಕಿದೆ, ಹತ್ತು ದಿನದೊಳಗೆ ಬಂದು ಸೇರಿ ಎಂದಿತ್ತು.

ಎರಡು ದಿನ ಆ ಹಾಳೆಯನ್ನೇ ತಿರುತಿರುಗಿ ಓದಿದೆ. ಮೂರನೇ ದಿನ ಬಿಳಿ ಹಾಳೆ, ಪೆನ್ನು ಅವರ ಮುಂದಿಟ್ಟೆ. "ನನ್ನ ಅಸೈನ್‌ಮೆಂಟು ನೀವೇ ಬರೀರಿ. ನಿಮ್ಗೆ ಅನುಭವ ಇದೆ."

ಕೂತು ಬರೆದರು ಕಣ್ರೀ! ಕನ್ನಡದಲ್ಲಿ ನಾಲ್ಕು ಪುಟ. ಪೋಸ್ಟ್‌ಮ್ಯಾನ್ ಕಂಡರೆ ಈಗಲೂ ಎದೆ ಹೊಡೆದುಕೊಳ್ಳುವುದು, ಮಗಳಿಗೆ ಟೀಚರ್ ಕೆಲಸ ಸಿಕ್ಕ ದಿನ ಊಟ ಸೇರದೆ ಹೋದದ್ದು, ಕನಸಿನಲ್ಲಿ ಯಾರೋ ಬಂದು 'ಕಾಗದ ಎಲ್ಲಿ?' ಎಂದು ಕೇಳುವುದು. ಓದುತ್ತಾ ನನ್ನ ಕಣ್ಣು ತುಂಬಿತು. (ಇಂಗ್ಲಿಷಿಗೆ ಇಳಿಸಿ ನನ್ನ ಹೆಸರಲ್ಲೇ ಕೊಟ್ಟೆ. 'ಬಹಳ ಸಹಜವಾಗಿದೆ' ಎಂದು ಮೇಷ್ಟ್ರು ಷರಾ ಬರೆದಿದ್ದಾರೆ.)

ಕ್ಷಮಿಸಿದೆಯಾ ಎಂದು ಕೇಳುತ್ತೀರಿ. ಗೊತ್ತಿಲ್ಲ. ಅವರಂತೂ ಹೇಳಿ ಹಗುರಾದರು. ನಾನಿದನ್ನು ಬರೆಯುತ್ತಿರುವಾಗಲೇ, ಮಧ್ಯಾಹ್ನದ ಊಟ ಮುಗಿಸಿ ಗೊರಕೆ ಹೊಡೆಯುತ್ತಿದ್ದಾರೆ. ನನಗೆ ಮಾತ್ರ ಅವತ್ತಿನಿಂದ ಕಣ್ಣು ಹತ್ತುತ್ತಿಲ್ಲ.

ತಪ್ಪೊಪ್ಪಿಕೊಂಡವರಿಗೆ ನಿದ್ದೆ ಬರುತ್ತದೆ, ಸರಿ. ಕೇಳಿಸಿಕೊಂಡವರು ಏನು ಮಾಡಬೇಕು?