ಐದನೇ ಭಾಗದ ಅಂಗಿ

ಐವತ್ತಾರು ವರ್ಷದ ಇತಿಹಾಸದ ಮಾಸ್ತರನೊಬ್ಬ ಸೂಪರ್ ಹೀರೊ ಸಿನಿಮಾ ನೋಡಲು ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸು ಹತ್ತುತ್ತಾನೆ ಎಂದರೆ ನೀವು ನಗಬಹುದು. ನಗಿ, ನನ್ನ ಹೆಂಡತಿಯೂ ನಗುತ್ತಾಳೆ. ಊರಲ್ಲೇ ನೋಡಿದರೆ ಹಿಂದಿನ ಸಾಲಿನಲ್ಲಿ ನನ್ನ ಒಂಬತ್ತನೇ ತರಗತಿ ಪೂರ್ತಿ ಕೂತಿರುತ್ತದೆ ಎಂಬ ಭಯಕ್ಕೆ ಹುಮನಾಬಾದು. ಮೊದಲ ಭಾಗದಿಂದಲೂ ಹೀಗೆಯೇ ನಡೆದು ಬಂದಿದೆ. ಹೋದ ತಿಂಗಳು ಐದನೆಯದನ್ನು ನೋಡಿ ಬಂದೆ. ಬಂದಾಗಿನಿಂದ ಮನಸ್ಸು ಸರಿಯಿಲ್ಲ.

ಈ ಐದನೆಯದು ಒಂಟಿ ಸಿನಿಮಾ ಅಲ್ಲ, ದೊಡ್ಡ ಸಂಸಾರದ ನಡುವಿನ ಕೂಸು. ಇದರ ಖಳನಾಯಕ ಎರಡನೇ ಭಾಗದಲ್ಲಿ ಸತ್ತವನ ತಮ್ಮ. ಇದರ ನಾಯಕನ ಗುರು ಇನ್ನೊಂದು ಸಿನಿಮಾದ ನಾಯಕ. ಅದನ್ನು ನೋಡದವರಿಗೆ ಆ ಗುರು ಮಳೆಯಲ್ಲಿ ನಿಂತು ಯಾಕೆ ಅಳುತ್ತಾನೆಂದು ತಿಳಿಯುವುದಿಲ್ಲ. ನಮಗೇನು ಇದು ಹೊಸದೇ? ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ ಹಚ್ಚುತ್ತಾರಲ್ಲ, ಹೇಳುವವರು ದಿನಾ ಸಂಜೆ ಕಥೆಯನ್ನು ಗಂಡಾಂತರದ ಅಂಚಿಗೆ ತಂದು ನಿಲ್ಲಿಸಿ, ಉಳಿದದ್ದು ನಾಳೆ ಎಂದು ಪುಸ್ತಕ ಮುಚ್ಚುತ್ತಾರೆ. ಆದರೆ ತಿಂಗಳು ಮುಗಿದಾಗ ಅವರು ಮಂಗಳ ಹಾಡುತ್ತಾರೆ. ಕೇಳಿದವರಿಗೆ ಇಂಥಿಂಥ ಫಲ ಎಂದು ಹೇಳಿ, ಪ್ರಸಾದ ಕೊಟ್ಟು ಮನೆಗೆ ಕಳಿಸುತ್ತಾರೆ. ಸಿನಿಮಾದವರ ಪುರಾಣಕ್ಕೆ ಮಂಗಳವೇ ಇಲ್ಲ. ಕಥೆ ಮುಗಿಯುವ ಮೊದಲೇ ನೋಡುವವರು ಮುಗಿದುಹೋದರೂ ಅವರಿಗೆ ಚಿಂತೆಯಿಲ್ಲ.

ನನ್ನ ಜೊತೆ ಬರುವವರು ಖಾಸಿಂಭಾಯಿ, ನಮ್ಮ ಓಣಿಯ ಟೇಲರ್. ಅವರಿಗೆ ಕಥೆ ಬೇಡ. ನಾಯಕನ ಆ ಮೈಗಂಟಿದ ಅಂಗಿಯನ್ನು ನೋಡಲು ಬರುತ್ತಾರೆ. ಮೇಲಿನದು ಕೆಳಗಿನದು ಒಂದೇ ತುಂಡೋ ಎರಡೋ, ಕಂಕುಳಲ್ಲಿ ಜೋಡಣೆ ಹೇಗೆ, ಚೈನು ಎಲ್ಲಿ ಅಡಗಿಸಿದ್ದಾರೆ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ನಾಯಕ ಕಟ್ಟಡದಿಂದ ಬಿದ್ದಾಗ ಥಿಯೇಟರೆಲ್ಲ ಅಯ್ಯೋ ಎಂದರೆ ಇವರು ಮೊಣಕಾಲಿನ ಹೊಲಿಗೆ ಬಿಡಲಿಲ್ಲವಲ್ಲ ಎಂದು ತಲೆದೂಗುತ್ತಾರೆ. ಮೊದಲ ಭಾಗ ನೋಡಿ ಬಂದು ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಅಂಥದೇ ಅಂಗಿ ಹೊಲಿದುಕೊಟ್ಟಿದ್ದರು. ಕುಣಿಯುವ ಹುಡುಗಿಯನ್ನು ಒಳಗೆ ನಿಲ್ಲಿಸಿ, ಅಂಗಿಯ ಬೆನ್ನನ್ನು ಮೇಲಿಂದ ಕೆಳಗಿನವರೆಗೆ ಹೊಲಿದೇ ಬಿಟ್ಟಿದ್ದರು. ಕುಣಿತ ಮುಗಿದ ಮೇಲೆ ಟೀಚರಮ್ಮಂದಿರು ಮೂವರು ಸೇರಿ ಹೊಲಿಗೆ ಬಿಚ್ಚಿ ಆಕೆಯನ್ನು ಹೊರತೆಗೆಯಬೇಕಾಯಿತು. ನಾನು ಕೇಳಿದರೆ ಖಾಸಿಂಭಾಯಿಗೆ ಸ್ವಲ್ಪವೂ ನಾಚಿಕೆಯಿಲ್ಲ.

"ಸಿನಿಮಾದಾಗ ಚೈನ್ ಕಾಣಲಿಲ್ಲ. ಇಲ್ಲದ್ದು ನಾ ಹ್ಯಾಂಗ ಹಚ್ಚಲ್ರಿ ಮಾಸ್ತರ?" ಎಂದರು.

ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಅವರ ಕಣ್ಣು ಹೋಗತೊಡಗಿದವು. ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಗೆ ಇಳಿದಿದೆ, ಹೋದದ್ದು ಬರುವುದಿಲ್ಲ, ಇದ್ದದ್ದು ಎಷ್ಟು ದಿನವೋ ಹೇಳಲಾಗದು ಎಂದರು ಸೊಲ್ಲಾಪುರದ ಡಾಕ್ಟರು. ಬಣ್ಣ ಕಾಣುತ್ತದೆ, ಉಳಿದದ್ದೆಲ್ಲ ಮಸುಕು. ಓಣಿಯ ಎಷ್ಟೋ ಮದುಮಕ್ಕಳಿಗೆ ಶೇರ್ವಾನಿ ಹೊಲಿದ ಮನುಷ್ಯ ಈಗ ಹೊಸ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಹೆಂಡತಿ ದಾರ ಪೋಣಿಸಿಕೊಟ್ಟರೆ ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತಾರೆ, ಅದೂ ಬೆರಳಿನ ಅಂದಾಜಿನ ಮೇಲೆ. ನನಗೆ ಆ ಅಂಗಡಿಯ ಮುಂದೆ ಹಾದುಹೋಗಲು ಸಂಕಟವಾಗುತ್ತದೆ. ಎಷ್ಟೋ ಸಲ ಹಿಂದಿನ ಓಣಿಯಿಂದ ಸುತ್ತಿಕೊಂಡು ಹೋಗಿದ್ದೇನೆ.

ಐದನೇ ಭಾಗ ಬಂದಾಗ ಅವರೇ ಹೊರಡಿಸಿದರು. "ನೀವು ಕಿವ್ಯಾಗ ಹೇಳ್ರಿ, ನಾ ಕೇಳ್ತೀನಿ" ಎಂದರು. ನನಗೆ ಖುಷಿಯಾಯಿತು. ಹೇಳುವುದೇ ಅಲ್ಲವೇ ನನ್ನ ಕಸುಬು! ಹಿಂದಿನ ನಾಲ್ಕೂ ಭಾಗಗಳ ವಂಶಾವಳಿಯನ್ನು ಚಾಲುಕ್ಯರ ವಂಶಾವಳಿಯಂತೆ ಹಾಳೆಯ ಮೇಲೆ ಬರೆದುಕೊಂಡು ಹೋದೆ. ಸಿನಿಮಾ ಶುರುವಾಗುತ್ತಲೇ ಯಾರು ಯಾರ ತಮ್ಮ, ಯಾರಿಗೆ ಯಾರ ಮೇಲೆ ಸೇಡು ಎಂದು ಪಿಸುಗುಟ್ಟತೊಡಗಿದೆ. ಹತ್ತು ನಿಮಿಷ ಸಹಿಸಿಕೊಂಡು ಅವರು ನನ್ನ ಮೊಣಕೈ ಹಿಡಿದರು.

"ಕಥಿ ಇರ್ಲಿ ಮಾಸ್ತರ. ಈ ಸಲ ಅಂಗಿ ಬದಲಾಗ್ಯಾದಂತ. ಹ್ಯಾಂಗದ?"

ನಾನು ಕಣ್ಣರಳಿಸಿ ನೋಡಿದೆ. "ನೀಲಿ" ಎಂದೆ.

"ನೀಲಿ ನನಗೂ ಕಾಣಾಕತ್ತದ. ಭುಜದ ಹೊಲಗಿ ಎಲ್ಲಿ ಕೂತದ ಹೇಳ್ರಿ."

ನಾನು ಮತ್ತೆ ನೋಡಿದೆ. ಎರಡೂ ಕಣ್ಣು ನೆಟ್ಟಗಿವೆ, ಆಗಷ್ಟೇ ಹೊಸ ಚಷ್ಮಾ ಮಾಡಿಸಿದ್ದೆ, ಆದರೂ ಆ ಅಂಗಿಯಲ್ಲಿ ನೀಲಿಯ ಹೊರತು ನನಗೆ ಏನೂ ಕಾಣಲಿಲ್ಲ. ನಾಲ್ಕು ಸಿನಿಮಾಗಳ ಉದ್ದಕ್ಕೂ ಪಕ್ಕದಲ್ಲೇ ಕೂತು ಅವರು ತೋರಿಸಿದ್ದಕ್ಕೆಲ್ಲ ಹೂಂ ಹೂಂ ಎಂದಿದ್ದೆ, ಒಂದನ್ನೂ ನೋಡಿರಲಿಲ್ಲ. "ಭಾಳ ಚಂದ ಅದರಿ" ಎಂದುಬಿಟ್ಟೆ. ಅವರು ಮತ್ತೆ ಕೇಳಲಿಲ್ಲ. ಅಷ್ಟು ಸೋತ ಭಾವ ನನಗೆ ಯಾವತ್ತೂ ಬಂದಿರಲಿಲ್ಲ.

ಕೊನೆಗೆ ನಾಯಕ ಸಮುದ್ರಕ್ಕೆ ಬಿದ್ದ. ಆರನೇ ಭಾಗದಲ್ಲಿ ಏಳುತ್ತಾನೆ ಎಂದು ಪರದೆ ಹೇಳಿತು, ಜನ ಸೀಟಿ ಹೊಡೆದರು. ಬಸ್ ಸ್ಟ್ಯಾಂಡಿನಲ್ಲಿ ಖಾಸಿಂಭಾಯಿ, "ಮುಂದಿನದು ಯಾವಾಗಂತ್ರಿ?" ಎಂದರು. ಎರಡು ವರ್ಷಕ್ಕೆ ಎಂದೆ. ಬಸವಕಲ್ಯಾಣದ ಬಸ್ಸು ಬಂದಾಗ ಅವರು ನನ್ನ ಹೆಗಲಿಗೆ ಕೈಯಿಟ್ಟು ಮೆಟ್ಟಿಲು ಹತ್ತುತ್ತಾ ಹೇಳಿದರು:

"ನಾಳಿಂದ ಸಾಲಿ ಬಿಟ್ಟ ಮ್ಯಾಲ ಅಂಗಡಿಗಿ ಬರ್ರಿ, ಹೊಲಗಿ ಕಲಿಸ್ತೀನಿ. ಆರನೇದು ಬರೂದ್ರಾಗ ನನ್ನ ಕಣ್ಣು ಇರಂಗಿಲ್ಲ. ಅಷ್ಟರಾಗ ನಿಮಗಾದ್ರೂ ಕಾಣಬೇಕು."

ಹೋಗುತ್ತಿದ್ದೇನೆ. ದಿನಾ ಒಂದು ಗಂಟೆ ಹಳೇ ಬಟ್ಟೆಯ ತುಂಡು ಹಿಡಿದು ಹೊಲಿಯುತ್ತೇನೆ, ಬೆರಳಿಗೆ ಚುಚ್ಚಿಕೊಳ್ಳುತ್ತೇನೆ. ಖಾಸಿಂಭಾಯಿ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ, "ಬಿಚ್ರಿ" ಎನ್ನುತ್ತಾರೆ. ಬಿಚ್ಚುತ್ತೇನೆ. ಒಂದು ಗೆರೆಯೂ ಇನ್ನೂ ನೆಟ್ಟಗೆ ಬಂದಿಲ್ಲ. ಎರಡು ವರ್ಷ ಕಾಯಿಸುತ್ತಾರಲ್ಲ ಎಂದು ಸಿನಿಮಾದವರನ್ನು ಬೈಯುತ್ತಿದ್ದವನು ನಾನು. ಈಗ, ಇನ್ನೊಂದು ವರ್ಷ ತಡ ಮಾಡಿರಪ್ಪಾ ಎಂದು ಬೇಡಿಕೊಳ್ಳುತ್ತಿದ್ದೇನೆ.