ಅಕ್ಟೋಬರಿಗೆ ಉಳಿದ ಹರಿವೆ

ಕೊಲ್ಲಿ ನಾಡಿನ ಓಲ್ಡ್ ಏರ್‌ಪೋರ್ಟ್ ಏರಿಯಾದಲ್ಲಿ ನಮ್ಮ ಪಕ್ಕದ ವಿಲ್ಲಾದ ಅಕ್ಕ ನೈಟಿಯ ಮೇಲೆ ಟವೆಲ್ ಬಿಗಿದುಕೊಂಡು, ಮಾತೆತ್ತಿದರೆ "ಊರಿನ ಕ್ಯಾಲೆಂಡರ್ ಇಲ್ಲಿ ಮಾಫಿ, ನಡೆಯುದಿಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಕಳೆದ ವರ್ಷ, ಮಂಗಳೂರಿನಲ್ಲಿ ಮಳೆ ಹಿಡಿಯಿತೆಂದು ಅಮ್ಮ ಫೋನಿನಲ್ಲಿ ಹೇಳಿದ್ದೇ ತಡ, ಅವಳು ಕಟ್ಟಿಕೊಟ್ಟಿದ್ದ ಹರಿವೆ ಬೀಜ ಬಿತ್ತಲು ಹೊರಟೆ. ಅಕ್ಕ ಬೇಡವೆಂದರು. ನಾನು ಕೇಳಲಿಲ್ಲ. "ಹಾಗಾದ್ರೆ ನಂಗೂ ಒಂದು ಚಮಚ ಕೊಡು" ಎಂದು ಇಸಕೊಂಡರು.

ಜೂನಿನ ಬಿಸಿಲಿಗೆ ನನ್ನ ಬೀಜವೆಲ್ಲ ಮಣ್ಣಿನಲ್ಲೇ ಹುರಿದುಹೋಯಿತು.

ಅಕ್ಟೋಬರಿನಲ್ಲಿ ಅಕ್ಕನೇ ಗುದ್ದಲಿ ಹಿಡಿದು ಬಂದರು. ಚಳಿಗಾಲದ ತರಕಾರಿಗೆಂದು ನನ್ನ ಕೈಲಿ ಪಾತಿ ಕಡಿಸಿ, ಮಣ್ಣಿನ ಉಪ್ಪು ಇಳಿಯಲು ಮೂರು ದಿನ ಪಾತಿ ತುಂಬ ನೀರು ನಿಲ್ಲಿಸಿದರು.

"ಹಾಕ್ಲಿಕ್ಕೆ ಏನುಂಟು ಅಕ್ಕ? ಬೀಜ ಖಲಾಸ್."

ಅವರು ಟವೆಲಿನ ತುದಿಯ ಗಂಟು ಬಿಚ್ಚಿದರು. ಒಳಗೆ ಒಂದು ಚಮಚ ಹರಿವೆ ಬೀಜ.

"ನೀನು ಕೇಳುವವಳಲ್ಲ ಅಂತ ಗೊತ್ತಿತ್ತು. ನಿನ್ನಮ್ಮನ ಬೀಜ, ಫ್ರಿಜ್ಜಲ್ಲಿ ಇಟ್ಟಿದ್ದೆ. ಯಲ್ಲಾ, ನಡಿ, ಈಗ ಹಾಕು."