ಹದಿನೇಳು ಕೆರೆಗಳ ಗಾಲಿಹುಳ ಬಲ್ಲ ದಾವೂದಸಾಬ

ಗುಡಗೇರಿ ಸ್ಟೇಷನ್ನಿನಿಂದ ಎರಡು ಮೈಲಿ ನಡೆದರೆ ಸಿಗುವ ಒಂದು ಸಣ್ಣ ಹಳ್ಳಿ. ಹೊತ್ತು ಇನ್ನೂ ಮೂಡಿಲ್ಲ. ಕುಡಿಯುವ ನೀರಿನ ಕೆರೆ ಮಂಜು ಹೊದ್ದು ಮಲಗಿದೆ. ಏರಿಯ ಕೆಳಗೇ ಚಪ್ಪಲಿ ಬಿಟ್ಟು ಬಂದ ಗಿಡ್ಡ ಮೈಕಟ್ಟಿನ ಒಬ್ಬರು ಕೊನೆಯ ಪಾವಟಿಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಒಂದು ಕೈಯಲ್ಲಿ ಬಕೀಟು, ಇನ್ನೊಂದರಲ್ಲಿ ತುದಿಗೆ ಶೀಸೆ ಕಟ್ಟಿದ ಬಿಳಿಯ ಜಾಳಿಗೆ. ನೀರನ್ನು ನಿದ್ದೆಯಿಂದ ಎಬ್ಬಿಸಬಾರದು ಎನ್ನುವ ಹಾಗೆ ಮೆಲ್ಲಗೆ ಮೊಗೆಯುತ್ತಾರೆ, ಜಾಳಿಗೆಗೆ ಸುರಿಯುತ್ತಾರೆ, ತುಟಿಯಲ್ಲೇ ಎಣಿಸುತ್ತಾರೆ.

ಹತ್ತು ಬಕೀಟು, ನೂರು ಲೀಟರು. ಅಷ್ಟನ್ನೂ ಸೋಸಿದ ಮೇಲೆ ಶೀಸೆಯಲ್ಲಿ ಉಳಿಯುವುದು ಅರ್ಧ ಲೋಟ ನೀರು. ಎತ್ತಿ ಬೆಳಕಿಗೆ ಹಿಡಿದರೂ ನಮ್ಮ ನಿಮ್ಮ ಕಣ್ಣಿಗೆ ಏನೇನೂ ಕಾಣುವುದಿಲ್ಲ.

"ಏನೂ ಇಲ್ಲ ಅನಬ್ಯಾಡ್ರಿ. ಗುಡಗೇರಿ ಸಂತಿಗೆ ಕೂಡೂವಷ್ಟು ಮಂದಿ ಐತ್ರಿ ಇದರಾಗ" ಎಂದು ನಗುತ್ತಾರೆ ದಾವೂದಸಾಬ.

ಕುಂದಗೋಳದ ದಾವೂದಸಾಬ ಧಾರವಾಡದ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸಿಪಾಯಿ, ಎಂದರೆ ಜವಾನ. ಸೇರಿ ಇಪ್ಪತ್ತೆರಡು ವರ್ಷ. ಓದಿದ್ದು ನಾಲ್ಕನೆಯ ಇಯತ್ತೆ. ತಂದೆ ದರ್ಜಿಯಾಗಿದ್ದರಿಂದ ಸೂಜಿ ಹಿಡಿಯುವುದು ರಕ್ತದಲ್ಲೇ ಬಂದಿದೆ. ಹಿಟ್ಟು ಸೋಸುವ ನುಣುಪು ಬಟ್ಟೆ ತಂದು ಈ ಜಾಳಿಗೆಯನ್ನು ಹೊಲಿದವರೂ ಅವರೇ. ತಿಂಗಳಿಗೊಮ್ಮೆ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಸೀಮೆಯ ಹದಿನೇಳು ಕೆರೆ ಸುತ್ತಬೇಕು. ಅದೂ ಬೆಳಗಾಗುವ ಮೊದಲೇ, ಯಾಕೆಂದರೆ ಬಿಸಿಲೇರಿದರೆ ಅವರು ಹುಡುಕುವ ಜೀವಿಗಳು ಕೆಳಗಿಳಿದುಬಿಡುತ್ತವೆ. ಮಳೆಗಾಲದ ಎರೆಮಣ್ಣಿನಲ್ಲಿ ಸೈಕಲ್ಲು ಹೆಗಲೇರುತ್ತದೆ. ಹಾವು ಎರಡು ಸಲ ಕಾಲ ಮೇಲೆ ಹಾದುಹೋಗಿದೆ.

ಆ ಜೀವಿಗಳಿಗೆ ಪುಸ್ತಕದವರು ಇಟ್ಟ ಹೆಸರು ರೋಟಿಫರ್. ಸಾಸಿವೆ ಕಾಳಿನ ಹತ್ತರಲ್ಲೊಂದು ಪಾಲೂ ಇಲ್ಲ. ತಲೆಯ ಮೇಲಿನ ರೋಮಗಳು ಅಲುಗಿದಾಗ ಚಕ್ರ ತಿರುಗಿದಂತೆ ಕಾಣುತ್ತದೆ, ಅದಕ್ಕೇ ದಾವೂದಸಾಬ ಗಾಲಿಹುಳ ಅನ್ನುತ್ತಾರೆ. ನವಲಗುಂದದ ಸವುಳು ನೀರಿನಲ್ಲಿ ಕೊಂಬಿನವು ಹೆಚ್ಚು. ಬಮ್ಮಿಗಟ್ಟಿ ಕಡೆಯ ಜೊಂಡು ಬೆಳೆದ ಕೆರೆಯಲ್ಲಿ ಕಾಲಿಗೆ ಬೆರಳಿರುವವು. ಗಾಜಿನ ಹೂಜಿಯಂಥವು, ಉದ್ದ ಮೀಸೆಯವು, ಅಬ್ಬಬ್ಬಾ, ಎಷ್ಟು ತರಹ! ಊರ ಹೆಸರು ಮುಚ್ಚಿ ಶೀಸೆಯ ನೀರನ್ನಷ್ಟೇ ತೋರಿಸಿದರೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಯಾವ ಕೆರೆಯೆಂದು ಹೇಳಿಬಿಡುತ್ತಾರೆ ಈ ಪುಣ್ಯಾತ್ಮ.

"ಅದರ ಹೊಟ್ಟ್ಯಾಗಿನ ತತ್ತಿ ಸುದ್ದಾ ಕಾಣತೈತ್ರಿ. ನೋಡಕೋಂತ ಕುಂತ್ರ ನಾನೂ ನೀರಾಗ ತೇಲಿದಂಗ ಆಕ್ಕೈತಿ. ಸಪ್ಪಳಿಲ್ಲ, ಭಾರಿಲ್ಲ. ಕಾಲೇಜಿನ ಗಂಟಿ ಹೊಡದದ್ದೂ ಕೇಳಂಗಿಲ್ಲ."

ಇಂಥ ಕನಸುಗಣ್ಣಿನವರ ನಿದ್ದೆ ಕೆಡಿಸಿದ್ದು ಹೋದ ವರ್ಷದ ಶ್ರಾವಣ.

ಗುಡಗೇರಿ ಹತ್ತಿರದ ಈ ಕುಡಿಯುವ ನೀರಿನ ಕೆರೆಗೊಂದು ಕಟ್ಟಳೆಯಿದೆ. ದನದ ಹೊಂಡದಲ್ಲಿ ಅದ್ದಿದ ಯಾವ ವಸ್ತುವೂ ತೊಳೆಯದೆ ಕುಡಿಯುವ ನೀರಿಗೆ ಇಳಿಯುವಂತಿಲ್ಲ. ಕಾವಲಿಗೆ ಯಾರನ್ನೂ ಇಟ್ಟಿಲ್ಲ, ರೇವವ್ವ ಒಬ್ಬಾಕೆ ಸಾಕು. ಎಪ್ಪತ್ತರ ಮುದುಕಿ, ಮೊದಲ ಕೊಡ ಯಾವಾಗಲೂ ಆಕೆಯದೇ. ಜಾಳಿಗೆ ತೊಳೆಯಲೆಂದು ದಾವೂದಸಾಬ ಕಾಸಿ ಸೋಸಿದ ನೀರನ್ನು ಡಬ್ಬಿಯಲ್ಲಿ ಒಯ್ಯುತ್ತಾರೆ. ಅಂದು ಮೊದಲು ದನದ ಹೊಂಡದ ನೀರು ಸೋಸಿದ್ದರು, ಜಾಳಿಗೆ ಪೂರಾ ತೊಳೆಯುವ ಮೊದಲೇ ಡಬ್ಬಿ ಅಲ್ಲಿಯೇ ಖಾಲಿಯಾಗಿತ್ತು. ರೇವವ್ವ ಬಿಡಬೇಕಲ್ಲ! ಏರಿಯ ಬಾಜೂಕಿನ ಬಾವಿಯಿಂದ ತಾನೇ ಒಂದು ಕೊಡ ಸೇದಿ ತಂದಳು. "ಹಿಡಿಯೋ ಯಪ್ಪಾ, ನಾ ಹಾಕತೇನಿ" ಎಂದು ಪ್ರೀತಿಯಿಂದ ಜಾಳಿಗೆಗೆ ಸುರಿದಳು. ಜಾಳಿಗೆಯೇನೋ ಚೊಕ್ಕಟವಾಯಿತು. ಆದರೆ ಬಾವಿಯ ನೀರಲ್ಲಿದ್ದ ಹುಳವೆಲ್ಲ ತುದಿಯ ಶೀಸೆಗೆ ಇಳಿಯಿತು. ಶೀಸೆ ಬಿಚ್ಚಿ ಚೆಲ್ಲಬೇಕಿತ್ತು. ಮುದುಕಿಯ ಸೊಸೆಯಂದಿರ ಸುದ್ದಿ ಕೇಳುತ್ತ ದಾವೂದಸಾಬ ಮರೆತರು, ಅದರ ಮೇಲೆಯೇ ಕೆರೆಯ ಹತ್ತು ಬಕೀಟು ಸೋಸಿದರು.

ಆ ಶೀಸೆಯಲ್ಲಿ ಒಂದು ಹೊಸ ಗಾಲಿಹುಳ ಸಿಕ್ಕಿತು. ಕುತ್ತಿಗೆ ಸೊಟ್ಟ, ಒಂದು ಮುಳ್ಳು ಗಿಡ್ಡ, ಇನ್ನೊಂದು ಉದ್ದ. ವಿಭಾಗದ ಮುಖ್ಯಸ್ಥ ಈರಬಸಪ್ಪ ಸರ್ ಕುರ್ಚಿಯಿಂದ ಎದ್ದೇ ನಿಂತರು.

"ದಾವೂದಾ, ನಮ್ಮ ಕೆರಿಗೋಳೊಳಗ ಇದನ್ನ ಯಾರೂ ಕಂಡಿಲ್ಲೋ! ಲೇಖನದಾಗ ನಿನ್ನ ಹೆಸರು ಹಾಕತೇನಿ ನೋಡು. ಈಗ ಹೇಳು, ಅವತ್ತ ನೀರು ಹೆಂಗ ತಗದಿ? ಒಂದೂ ಬಿಡಬ್ಯಾಡ."

ಹಾಜರಿ ಪುಸ್ತಕ ಬಿಟ್ಟರೆ ಎಲ್ಲಿಯೂ ಬರೆಯದ ಹೆಸರು, ಅಚ್ಚಿನಲ್ಲಿ! ದಾವೂದಸಾಬ ಹೇಳತೊಡಗಿದರು. ಏರಿ ಹತ್ತಿದ್ದು, ಚಪ್ಪಲಿ ಬಿಟ್ಟದ್ದು, ರೇವವ್ವ ಬಂದದ್ದು... ಶೀಸೆ ಚೆಲ್ಲದೆ ಬಿಟ್ಟದ್ದು ಅಲ್ಲಿ ನೆನಪಾಯಿತು. ಕೊಡದ ಮಾತು ಹಾರಿಸಿದರು. "ಮುಂದ ಹತ್ತು ಬಕೀಟು ಸೋಸಿದ್ನಿರಿ" ಎಂದು ಮುಗಿಸಿಬಿಟ್ಟರು.

ನಾಲ್ಕು ದಿನ ಹಾಗೇ ಕಳೆದವು. "ರೊಟ್ಟಿ ಹಂಗ ಉಳಿಯಾಕ ಹತ್ಯಾವು, ಯಾರ ಕೂಡ ಜಗಳಾ ಮಾಡಿ ಬಂದೀರಿ?" ಎಂದು ಹೆಂಡತಿ ಅಮೀರಬಿ ಗದರಿದಳು. ಜಗಳ ತನ್ನ ಕೂಡವೇ ಎಂದು ಹೇಳುವುದು ಹೇಗೆ? ಬಾಯಿ ಬಿಟ್ಟರೆ ಹೆಸರು ಹೋಯಿತು, ಇಪ್ಪತ್ತೆರಡು ವರ್ಷದ ನಂಬಿಕೆಯೂ ಹೋಯಿತು. ಮುಚ್ಚಿದರೆ ಯಾರಿಗೂ ಗೊತ್ತಾಗುವ ಮಾತಲ್ಲ. ಐದನೆಯ ದಿನ ಬೆಳಿಗ್ಗೆ ಸರ್ ಟೇಬಲ್ಲಿನ ಮುಂದೆ ನಿಂತು ಎಲ್ಲವನ್ನೂ ಹೇಳಿದರು.

ಸರ್ ಕೇಳಿದ್ದು ಒಂದೇ: "ಅವತ್ತ ಯಾಕ ಹೇಳಲಿಲ್ಲ?"

"ಆಶಾ ಬಂತ್ರಿ ಸರ."

ಈರಬಸಪ್ಪ ಸರ್ ಪೆನ್ನು ತೆಗೆದು, ಲೇಖನದಲ್ಲಿ ಹೊಸ ಹುಳ ಈ ಕೆರೆಯದೆಂದು ಬರೆದಿದ್ದ ಸಾಲನ್ನು ಹೊಡೆದು ಹಾಕಿದರು. ದಾವೂದಸಾಬರ ಹೆಸರಿದ್ದದ್ದೂ ಅದೇ ಸಾಲಿನಲ್ಲಿ. ಲೇಖನ ಕಳಿಸುವುದನ್ನು ಒಂದು ವರ್ಷ ಮುಂದಕ್ಕೆ ಹಾಕಿ, ಕೆರೆಗೊಂದು ಬಾವಿಗೊಂದು ಜಾಳಿಗೆ ಬೇರೆ ಮಾಡಿ ತಿಂಗಳು ತಿಂಗಳು ನೋಡು ಎಂದರು. ದಾವೂದಸಾಬ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದ್ದಾರೆ. ಹನ್ನೊಂದು ತಿಂಗಳು, ಇಪ್ಪತ್ತೆರಡು ಶೀಸೆ. ಬಾವಿಯಲ್ಲಿ ಎಂಟು ಸಲ ಸೊಟ್ಟ ಕುತ್ತಿಗೆ ಕಂಡಿದೆ. ಕೆರೆಯಲ್ಲಿ ಒಮ್ಮೆಯೂ ಇಲ್ಲ.

ಇಂದಿನ ಶೀಸೆಗಳು ಹನ್ನೆರಡನೆಯ ತಿಂಗಳಿನವು, ಕೊನೆಯವು. ಮಧ್ಯಾಹ್ನ ಕಾಲೇಜಿನಲ್ಲಿ ಕೆರೆಯ ಶೀಸೆಯ ನೀರನ್ನು ಹನಿ ಹನಿಯಾಗಿ ನೋಡುತ್ತಾರೆ. ಕೊಂಬಿನವು, ಮೀಸೆಯವು, ಗಾಜಿನ ಹೂಜಿಗಳು ನಿಧಾನ ತೇಲಿ ಹೋಗುತ್ತವೆ. ಸಿಗಲಿ ಎಂದು ಒಂದು ಮನಸ್ಸು ಈಗಲೂ ಆಸೆಪಡುತ್ತದೆ, ಅದನ್ನು ಅವರು ಮುಚ್ಚಿಡುವುದಿಲ್ಲ. ಮೂರು ತಾಸಿನ ನಂತರ ತಲೆ ಎತ್ತುತ್ತಾರೆ. "ಇಲ್ರಿ ಸರ."

ಸರ್ ತಾವೂ ಒಮ್ಮೆ ನೋಡುತ್ತಾರೆ. ಈ ಕೆರೆಯಲ್ಲಿ ಸಿಗುವ ಹುಳಗಳ ಯಾದಿಯಲ್ಲಿ ಸೊಟ್ಟ ಕುತ್ತಿಗೆಯದರ ಮುಂದೆ 'ಇಲ್ಲ' ಎಂದು ಬರೆಯುತ್ತಾರೆ. ಬಾವಿಯ ಹುಳವೆಂದು ಬೇರೆ ಬರೆದು ನಿನ್ನ ಹೆಸರು ಸೇರಿಸಲೇ ಎಂದು ಕೇಳಿದರೆ ದಾವೂದಸಾಬ ತಲೆ ಕೆರೆದುಕೊಳ್ಳುತ್ತಾರೆ. "ಹಾಕೂದಿದ್ರ ರೇವವ್ವನ ಹೆಸರ ಹಾಕ್ರಿ. ಕೊಡಾ ಸೇದಿದಾಕಿ ಆಕಿ!"

ನಿಮಗೆ ಏನೂ ಬೇಡವೇ ಎಂದು ನಾವು ಕೇಳಿದರೆ, ಶೀಸೆಗೆ ಚೀಟಿ ಅಂಟಿಸುತ್ತ ಹೇಳುತ್ತಾರೆ: "ಒಂದ ಬೇಕ್ರಿ. ನಾವೆಲ್ಲಾ ಹೋದಮ್ಯಾಲೆ ಯಾರರ ಈ ಯಾದಿ ಹಿಡಕೊಂಡು ಆ ಕೆರಿಗೆ ಬರ್ತಾರ. ಅದರಾಗ ಬರದದ್ದು ಅವರಿಗೆ ಸಿಗಬೇಕು. ಇಲ್ಲದ್ದನ್ನ ಹುಡಕಾಕ ಹಚ್ಚಿದವ ದಾವೂದ ಅಂತ ಆಗಬಾರದು."